ಸಂಸದರ ದನಿ ಹುಡುಕಿದ ಕಾಕಾ

ಸೋಮವಾರ, ಬೆಳಿಗ್ಗೆ ಏಳೂವರೆಗೆ ಬರೆಯಲು ಕುಳಿತೆ.

ನಮ್ಮ ಸಂಸದರ ಹಾಜರಿ, ಪ್ರಶ್ನೆ, ಮತಗಳನ್ನು ನಾನು ಈ ಆನ್‌ಲೈನ್ ಡೈರಿಯಲ್ಲಿ ಗುರುತಿಸಿಡುತ್ತೇನೆ. ಮತದ ಕಾಲಂ ಬಹುಪಾಲು ಖಾಲಿ. ಹೆಚ್ಚಿನ ಮಸೂದೆಗಳು ಎಲ್ಲರೂ ಒಟ್ಟಿಗೆ ಕೂಗುವ ಧ್ವನಿಮತದಲ್ಲೇ ಮುಗಿಯುವುದರಿಂದ ಯಾರು ಏನೆಂದರು ಎಂಬ ದಾಖಲೆ ಇರುವುದಿಲ್ಲ. ಇದನ್ನು ನಮ್ಮೂರ ದುರ್ಗದಬೈಲಿನ ರೇಡಿಯೊ ರಿಪೇರಿ ಕಾಕಾ ಒಪ್ಪಲೇ ಇಲ್ಲ. ಸಣ್ಣ ಅಂಗಡಿಗಳಿಗೆ ತೊಂದರೆಯಾಗುವ ಮಸೂದೆಯೊಂದನ್ನು ವಿರೋಧಿಸುತ್ತೇನೆಂದು ಸಂಸದರು ಕಾಕಾರ ಅಂಗಡಿಯಲ್ಲೇ ನಿಂತು ಮಾತು ಕೊಟ್ಟಿದ್ದರು. ಆ ಮಸೂದೆಯೂ ಧ್ವನಿಮತದಲ್ಲೇ ಪಾಸಾಗಿತ್ತು.

ನನ್ನಿಂದ ಆ ದಿನದ ಕಲಾಪದ ವಿಡಿಯೊ ಹಾಕಿಸಿ, ಹೆಡ್‌ಫೋನ್ ಏರಿಸಿ, ಕಾಕಾ ಕಣ್ಣು ಮುಚ್ಚಿದರು. ಗೊರಗೊರ ಎನ್ನುವ ರೇಡಿಯೊದಲ್ಲೂ ಸ್ಟೇಷನ್ ಹಿಡಿಯುವ ಕಿವಿ ಅದು. ‘ಬೇಡ’ ಎನ್ನುವವರು ಕೂಗುವ ಆ ಎರಡು ಸೆಕೆಂಡು ಮುಗಿದೊಡನೆ, “ಇನ್ನೊಮ್ಮಿ ಹಚ್ಚವಾ,” ಎನ್ನುತ್ತಿದ್ದರು. ಹದಿನೇಳು ಸಲ ಹಚ್ಚಿದೆ.

“ಸಾಕು ಬಿಡ್ರಿ ಕಾಕಾ, ಎಲ್ಲಾರೂ ಕೂಡೇ ಒದರ್ತಾರ.”

“ನಿನಗ ಎಣಸೂದು ಬರ್ತೈತಿ, ಕೇಳೂದು ಬರೂದಿಲ್ಲ. ಇನ್ನೊಮ್ಮಿ ಹಚ್ಚವಾ.”

ಕಡೆಗೆ ಹೆಡ್‌ಫೋನ್ ತೆಗೆದು, “ಇದರಾಗ ಅವರ ದನಿ ಇಲ್ಲ. ಬರಕೋ,” ಎಂದರು. ಅಂದಾಜನ್ನು ಬರೆಯುವುದಿಲ್ಲ ಎಂದೆ.

“ಹಂಗಾರ ಮುಂದಿನ ಸಲ ಯಾರಿಗೆ ಓಟ್ ಹಾಕ್ಲಿ? ನಿನ್ನ ಖಾಲಿ ಕಾಲಂಗೇನು?”

ಡೈರಿ ತೆರೆದು ನೋಡಿದೆ. ಆ ದಿನ ಸಂಸದರು ಸದನದಲ್ಲಿ ಹಾಜರಿದ್ದರು ಎಂಬುದಷ್ಟೇ ನನ್ನ ಬಳಿಯಿರುವ ದಾಖಲೆ. ಪ್ರೇಕ್ಷಕರ ಗ್ಯಾಲರಿಯಲ್ಲಿ ಕುಳಿತು ಅವರ ಬಾಯಿ ನೋಡಿದವರು ಯಾರಾದರೂ ಇದ್ದರೆ, ಆ ಎರಡು ಸೆಕೆಂಡು ಅದು ತೆರೆದಿತ್ತೋ ಮುಚ್ಚಿತ್ತೋ, ದಯವಿಟ್ಟು ಒಂದು ಸಾಲು ಬರೆಯಿರಿ.