ಕವಯಿತ್ರಿಯ ನಡುಗುವ ಅಕ್ಷರ

ಬೆಂಗಳೂರಿನ ಬಿಟಿಎಂ ಲೇಔಟಿನ ಒಂದು ಆಫೀಸಿನಲ್ಲಿ ನನಗೆ ಟೈಪ್ ಮಾಡುವ ಕೆಲಸ. ಹೊರದೇಶದ ಹಳೆಯ ಕಾಗದಪತ್ರಗಳ ಸ್ಕ್ಯಾನ್ ನಮ್ಮ ಪರದೆಗೆ ಬರುತ್ತದೆ. ಅದನ್ನು ಓದಿ, ಇದ್ದದ್ದು ಇದ್ದ ಹಾಗೆ ಟೈಪ್ ಮಾಡಿ ಕಳಿಸಬೇಕು. ಬಹುಪಾಲು ಆಸ್ತಿ ದಾಖಲೆ, ಆಸ್ಪತ್ರೆ ರಿಜಿಸ್ಟರು. ಹೋದ ವರ್ಷ ಮಾತ್ರ ಕೆನಡಾದ ಒಬ್ಬ ಕವಯಿತ್ರಿಯ ಕಾಗದಗಳು ಬಂದವು. ಆಕೆ ತೀರಿಕೊಂಡ ಮೇಲೆ ಅಲ್ಲಿನ ವಿಶ್ವವಿದ್ಯಾಲಯವೊಂದು ಎಲ್ಲವನ್ನೂ ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತ್ತು.

ಮೂರು ತಿಂಗಳು ನಾನು ಆಕೆಯ ಪತ್ರಗಳಲ್ಲೇ ಮುಳುಗಿದ್ದೆ. ಗೋಧಿ ಬೆಳೆಯುವ ಸೀಮೆಯ ಸಣ್ಣ ಊರು, ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ. ಮದುವೆಯಾಗಲಿಲ್ಲ. ಕವಿತೆಯ ಒಂದು ಸಾಲು ತೆಗೆದರೆ ಪುಸ್ತಕ ಹಾಕುತ್ತೇನೆ ಅಂದ ಪ್ರಕಾಶಕನಿಗೆ, ಹಾಗಾದರೆ ಪುಸ್ತಕವೇ ಬೇಡ ಎಂದು ಬರೆದ ಪತ್ರದ ನಕಲನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳು. ಅದನ್ನು ಟೈಪ್ ಮಾಡಿದ ಸಂಜೆ ಮಡಿವಾಳದ ಟ್ರಾಫಿಕ್ಕಿನಲ್ಲಿ ಬಸ್ಸು ಅಲ್ಲಾಡದೆ ನಿಂತರೂ ನನಗೆ ಬೇಜಾರಾಗಲಿಲ್ಲ.

ಕೊನೆಗೆ ಬಂದದ್ದು ಮೂರು ನೋಟ್‌ಬುಕ್ಕು. ವಯಸ್ಸಾದ ಮೇಲೆ ಆಕೆಗೆ ಕೈ ನಡುಗುತ್ತಿತ್ತು. ಪೆನ್ಸಿಲ್ ಗೆರೆಗಳು ದಿಕ್ಕಾಪಾಲಾಗಿ ಹರಿದಿದ್ದವು. ಓದಲಾಗದ ಪುಟಕ್ಕೆ ‘ಅಸ್ಪಷ್ಟ’ ಎಂದು ಗುರುತು ಹಾಕಿ ಮುಂದೆ ಹೋಗುವುದು ನಮ್ಮಲ್ಲಿನ ನಿಯಮ.

ನಾನು ಹಾಕಲಿಲ್ಲ. ನನ್ನ ಅಮ್ಮನಿಗೂ ಕೈ ನಡುಕವಿತ್ತು. ಮಾತು ನಿಂತ ಮೇಲೆ ಅವರು ಸಾಯುವವರೆಗೂ ಎಲ್ಲವನ್ನೂ ಚೀಟಿಯಲ್ಲಿ ಬರೆದೇ ಹೇಳಿದ್ದು. ನಡುಗುವ ಕೈ ಎಲ್ಲಿ ತಡವರಿಸುತ್ತದೆ, ಎಲ್ಲಿ ಜಾರುತ್ತದೆ ಎಂಬುದು ನನ್ನ ಕಣ್ಣಿಗೆ ರೂಢಿಯಾಗಿತ್ತು. ಒಂದೊಂದು ಪುಟಕ್ಕೂ ಗಂಟೆ ಹಿಡಿಯಿತು. ಆದರೆ ಓದಲು ಬಂತು. ಎಲ್ಲವೂ ಕವಿತೆಗಳೇ.

ನನಗಿಂತ ಹತ್ತು ವರ್ಷ ಚಿಕ್ಕವರಾದ ಟೀಮ್ ಲೀಡರ್ ಕುರ್ಚಿಯ ಪಕ್ಕ ಬಂದು ನಿಂತರು.

“ಏನ್ ಮೇಡಂ, ಬೆಳಗ್ಗೆಯಿಂದ ನಾಲ್ಕೇ ಪೇಜಾ?”

“ಓದ್ತಿದೀನಿ ಸಾರ್.”

“ಓದಕ್ಕಾಗಲ್ಲ ಅಂತ ಮಾರ್ಕ್ ಮಾಡಿ ಬಿಡಿ. ಕ್ಲೈಂಟೇ ಓಕೆ ಅಂದಿದಾರೆ.”

“ಓದಕ್ಕಾಗತ್ತಲ್ಲ ಸಾರ್. ಆಗೋದನ್ನ ಆಗಲ್ಲ ಅಂತ ಹೆಂಗೆ ಹಾಕ್ಲಿ?”

“ನಿಮ್ಮ ರೇಟಿಂಗ್ ಬೀಳತ್ತೆ. ಆಮೇಲೆ ನನ್ನ ಕೇಳ್ಬೇಡಿ.”

“ಬೀಳ್ಲಿ ಬಿಡಿ.”

ಅಂದೇಬಿಟ್ಟೆ. ಮರುದಿನದಿಂದ ಊಟದ ಹೊತ್ತಿನಲ್ಲೂ ಎದ್ದು ಹೋಗಲಿಲ್ಲ. ಡಬ್ಬಿಯ ಚಿತ್ರಾನ್ನವನ್ನು ಪರದೆಯ ಮುಂದೆಯೇ ತಿಂದೆ. ಎರಡು ನೋಟ್‌ಬುಕ್ಕು ಮುಗಿಸಿದೆ. ರೇಟಿಂಗ್ ಬಿತ್ತು. ಮೂರನೆಯದನ್ನು ತೆರೆಯುವ ಮೊದಲೇ ನನ್ನನ್ನು ವಿಮೆ ಫಾರಂಗಳಿಗೆ ಹಾಕಿದರು. ಅದು ಯಾರೂ ಮುಟ್ಟದೆ ಹಾಗೇ ಉಳಿಯಿತು.

ತಿಂಗಳಾದ ಮೇಲೆ ಅದೇ ಟೀಮ್ ಲೀಡರ್ ಫೋನು ಹಿಡಿದುಕೊಂಡು ಬಂದರು. ಕೆನಡಾದ ಆ ವಿಶ್ವವಿದ್ಯಾಲಯದಿಂದ ಮೇಲ್. ಕೊನೆಯ ವರ್ಷಗಳಲ್ಲಿ ಆಕೆ ಬರೆಯುವುದನ್ನೇ ಬಿಟ್ಟಿದ್ದಳು ಎಂದು ಅವರೆಲ್ಲ ನಂಬಿದ್ದರಂತೆ. ಈ ಪುಟಗಳನ್ನು ಓದಿದವರು ಯಾರು ಎಂದು ಕೇಳಿದ್ದರು.

“ಟೀಮ್ ಅಂತ ಉತ್ತರ ಕೊಟ್ಟಿದೀನಿ ಮೇಡಂ. ಒಬ್ರ ಹೆಸರು ಹಾಕೋ ಹಾಗಿಲ್ಲ,” ಎಂದರು, ನನ್ನ ಮುಖ ನೋಡದೆ.

“ಹೆಸರು ಯಾರಿಗೆ ಬೇಕು ಸಾರ್. ಆ ಮೂರನೇ ನೋಟ್‌ಬುಕ್ ನನಗೆ ಕೊಡಿ.”

ಸೋಮವಾರ ಅದು ನನ್ನ ಪರದೆಗೆ ಬಂತು, ವಿಮೆ ಫಾರಂ ಮುಗಿಸಿದ ಮೇಲೆ ಎಂಬ ಷರತ್ತಿನೊಂದಿಗೆ. ನಾನು ನೋಟ್‌ಬುಕ್ಕನ್ನೇ ಮೊದಲು ತೆರೆದೆ.