ಕೈ ಎತ್ತಿದವರಿಗೆ ನಿಲ್ಲದ ಗಾಡಿ

ಕಳೆದ ತಿಂಗಳು ರಸ್ತೆ ಬದಿಯಲ್ಲಿ ಒಬ್ಬರು ನನ್ನ ಗಾಡಿಗೆ ಕೈ ಎತ್ತಿದರು. ನಾನೂ ಕೈ ಎತ್ತಿ, ನಕ್ಕು, ಮುಂದೆ ಹೋದೆ.

ಅವರು ನಮಸ್ಕಾರ ಹೇಳುತ್ತಿರಲಿಲ್ಲ. ನಿಲ್ಲಿಸಿ ಎನ್ನುತ್ತಿದ್ದರು.

ನಮ್ಮ ಕೊಪ್ಪದ ಕಡೆ ಗಾಡಿ ಕಂಡರೆ ಕೈ ಎತ್ತುವುದು ಅಭ್ಯಾಸ. ಕೆಲವರದ್ದು ನಮಸ್ಕಾರ, ಕೆಲವರದ್ದು ‘ನಿಲ್ಸಿ ಮಾರಾಯ್ರೆ’. ಯಾವುದು ಯಾವುದೆಂದು ತಿಳಿಯುವುದು ಹೇಗೆ? ನನ್ನ ಹಳೆಯ ಅಂಬಾಸಿಡರಿನಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಎ.ಸಿ. ಇಲ್ಲ, ಹಾಗಾಗಿ ಗಾಜು ಯಾವಾಗಲೂ ಕೆಳಗೆ. ಅದರ ಸದ್ದು ಎರಡು ತಿರುವು ಮೊದಲೇ ಕೇಳಿ ಜನ ರಸ್ತೆಗೆ ಬಂದು ನಿಲ್ಲುತ್ತಿದ್ದರು. ಒಬ್ಬರಿಗೆ ಕೊಪ್ಪದಿಂದ ಮಾತ್ರೆ ಬೇಕು, ಇನ್ನೊಬ್ಬರ ಮಿಕ್ಸಿ ರಿಪೇರಿಗೆ ಹೋಗಬೇಕು. ಗೊಣಗಿಕೊಂಡೇ ನಿಲ್ಲಿಸುತ್ತಿದ್ದೆ.

ಸೊಂಟ ನೋವೆಂದು ಅದನ್ನು ಮಾರಿ ಬಿಳಿ ಎಸ್‌ಯುವಿ ತಂದೆ. ಎಂಥಾ ಗಾಡಿ ಅಂತೀರಿ! ಆರು ಏರ್‌ಬ್ಯಾಗು, ಹಿಂದೆ ಕ್ಯಾಮೆರಾ. ಬೆಲ್ಟ್ ಹಾಕದಿದ್ದರೆ ಕಿರುಚುತ್ತದೆ, ಹಿಂದೆ ನಾಯಿ ಬಂದರೂ ಕಿರುಚುತ್ತದೆ. ಒಳಗೆ ಕೂತವನ ಮೇಲೆ ಅದಕ್ಕೆ ಹೆತ್ತ ತಾಯಿಯ ಕಾಳಜಿ. ಹೊರಗೆ ನಿಂತವನ ಕೂಗು ಮಾತ್ರ ಒಳಗೆ ಬರುವುದಿಲ್ಲ.

ಅವತ್ತು ಬೆಳಿಗ್ಗೆ ಬಸರೀಕಟ್ಟೆಯಿಂದ ಕೊಪ್ಪಕ್ಕೆ ಹೊರಟಿದ್ದೆ. ದಾರಿಯಲ್ಲಿ ಅಂಗಡಿ ಇಟ್ಟಿರುವ ಹಸನಬ್ಬ ಕೈ ಎತ್ತಿದ್ದು ಆಗಲೇ. ಬಾಯಿ ಆಡುತ್ತಿತ್ತು. ‘ಆರಾಮಾ ಮೇಷ್ಟ್ರೆ’ ಎನ್ನುತ್ತಿದ್ದಾರೆ ಎಂದುಕೊಂಡೆ. (ಗಾಡಿ ತಂದು ವಾರವಾಗಿತ್ತಷ್ಟೆ. ಬಿಸಿಲಿಗೆ ಹೊಳೆಯುವ, ಏರಿಸಿದ ಗಾಜಿನೊಳಗೆ ಇರುವುದು ನಾನೆಂದು ಅವರಿಗೆ ಹೇಗೆ ಗೊತ್ತಾಗಬೇಕು? ಅದೂ ಹೊಳೆಯಲಿಲ್ಲ.)

ಅಂಗಡಿಯ ಹಿಂದಿನ ಮನೆಯಲ್ಲಿ ಅವರ ಹೆಂಡತಿ ಖತೀಜಮ್ಮ ಎದೆ ಹಿಡಿದುಕೊಂಡು ಬಿದ್ದಿದ್ದರು. ಆ ತಿರುವಿನಲ್ಲಿ ಫೋನಿಗೆ ನೆಟ್‌ವರ್ಕ್ ಇಲ್ಲ. ಮುಂದಿನ ಗಾಡಿ, ಎಸ್ಟೇಟಿನ ಜೀಪು, ಬಂದದ್ದು ಮುಕ್ಕಾಲು ಗಂಟೆ ಬಿಟ್ಟು. ಆಸ್ಪತ್ರೆ ಮುಟ್ಟುವಾಗ ಜೀವ ಇರಲಿಲ್ಲ.

ಸುದ್ದಿ ನನಗೆ ತಿಳಿದದ್ದು ಸಂಜೆ. ಬೆಳಿಗ್ಗೆ ಆ ಕೈ ಎತ್ತಿದ್ದು ಯಾಕೆಂದು ಗೊತ್ತಾದದ್ದೂ ಆಗಲೇ.

ಮೊನ್ನೆ ಮಾತಾಡಿಸಲು ಹೋದೆ. ಗಾಡಿಯನ್ನು ತಿರುವಿನ ಆಚೆಯೇ ನಿಲ್ಲಿಸಿ ನಡೆದು ಹೋದೆ. ಹಸನಬ್ಬ ಕೈ ಹಿಡಿದು ಕೂರಿಸಿದರು.

‘ಒಂದು ಬಿಳಿ ಗಾಡಿ ಬಂತು ಮೇಷ್ಟ್ರೆ. ಕೂಗ್ದೆ, ಹಿಂದೆ ಓಡ್ದೆ. ಶೃಂಗೇರಿಗೆ ಬಂದ ಟೂರಿಸ್ಟ್ ಇರ್ಬೇಕು. ಅವ್ರಿಗೆ ನಮ್ಮ ಕಷ್ಟ ಎಂತ ಗೊತ್ತು? ನಿಮ್ಮ ಹಳೇ ಕಾರಾಗಿದ್ರೆ ನಿಲ್ತಿತ್ತು ಮಾರಾಯ್ರೆ. ಇವಳು ಉಳೀತಿದ್ಲು.’

ನಾನು ಹೂಂ ಎಂದೆ.

‘ಅದನ್ನ ಮಾರಿದ್ರಂತಲ್ಲ? ಇವತ್ತು ಹೆಂಗೆ ಬಂದ್ರಿ?’

‘ಬಸ್ಸಲ್ಲಿ’ ಎಂದೆ.

ನಿಜ ಹೇಳಿ ಎಂದು ಮಕ್ಕಳ ಮುಂದೆ ಬೆತ್ತ ಹಿಡಿದು ನಿವೃತ್ತನಾದವನು ನಾನು. ನಾಚಿಕೆಯಾಗುತ್ತದೆ. ಹಳೆಯ ಕಾರು ಒಳ್ಳೆಯದು, ಹೊಸದು ಕೆಟ್ಟದ್ದು ಎಂದು ಬರೆದು ನಿಮ್ಮಿಂದ ಭೇಷ್ ಎನಿಸಿಕೊಳ್ಳುವುದು ಕಷ್ಟವಲ್ಲ. ಆದರೆ ಗಾಜು ಇಳಿಸುವ ಬಟನ್ ಈ ಗಾಡಿಯಲ್ಲೂ ಇದೆ, ನನ್ನ ಬೆರಳಿನ ಹತ್ತಿರವೇ. ತಂಪು ಹೋಗುತ್ತದಲ್ಲ ಎಂದು ನಾನೇ ಒತ್ತಲಿಲ್ಲ.

ಈ ಪತ್ರಿಕೆ ಅವರ ಅಂಗಡಿಗೂ ಬರುತ್ತದೆ. ಎದುರಿಗೆ ಏಳದ ನಾಲಿಗೆ ಇಲ್ಲಿಯಾದರೂ ಏಳಲಿ.

ಹಸನಬ್ಬ, ಆ ಬಿಳಿ ಗಾಡಿಯಲ್ಲಿದ್ದದ್ದು ಟೂರಿಸ್ಟ್ ಅಲ್ಲ, ನಾನು.