ಫೋನಕ್ಕ ಹೊರಗೆ ಹೇಳಿದ ತಪ್ಪುಗಳು

ರಕ್ತ ಪರೀಕ್ಷೆಯ ಲ್ಯಾಬುಗಳಿಗೆ ಸಾಫ್ಟ್‌ವೇರ್ ಮಾಡಿ ಮಾರುವ ಆ ಕಂಪನಿಯಲ್ಲಿ ಇದ್ದವರು ಹನ್ನೊಂದು ಜನ. ಗಿರಾಕಿಗಳ ಫೋನಿಗೆ ಉತ್ತರ ಹೇಳುವವಳು ಒಬ್ಬಳೇ. ಎಲ್ಲರ ಬಾಯಲ್ಲೂ ಅವಳು ಫೋನಕ್ಕ. ಸಾಫ್ಟ್‌ವೇರಿನಲ್ಲಿ ಕಂಡ ಪ್ರತಿಯೊಂದು ತಪ್ಪನ್ನೂ, ಅದು ಸರಿಯಾಗುವ ತನಕ ಸುಧಾರಿಸಿಕೊಂಡು ಹೋಗುವ ಉಪಾಯವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಒಂಬತ್ತು ವರ್ಷಕ್ಕೆ ಮೂರು ನೋಟ್‌ಬುಕ್ ತುಂಬಿದ್ದವು. ಆದರೆ ಗಿರಾಕಿಗಳು ತಾವಾಗಿಯೇ ಕೇಳುವ ತನಕ ಯಾವುದನ್ನೂ ಹೇಳಕೂಡದೆಂದು ಯಜಮಾನರ ಕಟ್ಟಪ್ಪಣೆ.

ಒಂದು ಬೆಳಿಗ್ಗೆ ಲ್ಯಾಬಿನವನೊಬ್ಬ ಫೋನು ಮಾಡಿದ. ಒಂದೇ ಹೆಸರಿನ ಇಬ್ಬರು ಒಂದೇ ದಿನ ಬಂದಿದ್ದರಂತೆ. ಎರಡನೆಯವರ ವರದಿಯಲ್ಲಿ ಮೊದಲನೆಯವರ ವಯಸ್ಸು ಅಚ್ಚಾಗಿತ್ತು. ಡಾಕ್ಟರ ಕಣ್ಣಿಗೆ ಬಿದ್ದು ಅನಾಹುತ ತಪ್ಪಿತ್ತು, ಬೈಗುಳ ತಪ್ಪಿರಲಿಲ್ಲ.

"ಎರಡು ದಿನದಿಂದ ತಲೆ ಕೆಡಿಸ್ಕೊಂಡಿದೀನಿ ಅಕ್ಕಾ. ನಾನೇ ತಪ್ಪು ಟೈಪ್ ಮಾಡಿದೀನಿ ಅಂತ ಎಲ್ಲರ ಮುಂದೂ ಒಪ್ಕೊಂಡೆ."

ಫೋನಕ್ಕ ಆ ತಪ್ಪನ್ನು ಬರೆದಿಟ್ಟು ಆರು ತಿಂಗಳಾಗಿತ್ತು. "ನಿಮ್ಮ ತಪ್ಪಲ್ಲ ಅಣ್ಣಾ, ನಮ್ದು. ಮೊದಲನೆಯವರ ಪುಟ ಮುಚ್ಚಿ, ಆಮೇಲೆ ಎರಡನೆಯವರದ್ದು ತೆಗೀರಿ. ಸರಿ ಬರತ್ತೆ."

"ಅಂದ್ರೆ, ನಿಮಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಸರಿ ಅಕ್ಕಾ" ಎಂದು ಆತ ಫೋನಿಟ್ಟ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನಿಸಿತು ಅವಳಿಗೆ.

ಅವಳ ಗಂಡ ಬಸ್ಸಿನ ಡ್ರೈವರ್. ಸಂಜೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ ಎಲ್ಲ ಕೇಳಿಸಿಕೊಂಡವನು, "ಬಸ್ಸು ಇನ್ನೊಬ್ಬನ ಕೈಗೆ ಕೊಡೋವಾಗ ಎರಡನೇ ಗೇರು ಬಿಗಿ ಇದೆ ನೋಡ್ಕೊಳಪ್ಪಾ ಅಂತೀನಿ. ಬಾಯಿ ಮುಚ್ಕೊಂಡಿದ್ರೆ ಗೇರೇನು ಸಡಿಲ ಆಗ್ಬಿಡತ್ತಾ?" ಎಂದ.

ಮರುದಿನ ಅವಳು ಯಜಮಾನರ ಕೋಣೆಗೆ ಹೋಗಿ ಲ್ಯಾಬಿನವನ ವಿಷಯ ಹೇಳಿದಳು. "ತಪ್ಪುಗಳ ಪಟ್ಟಿ ಮಾಡಿ ಎಲ್ಲ ಗಿರಾಕಿಗಳಿಗೂ ಕಳಿಸೋಣ ಸಾರ್."

"ತಲೆ ನೆಟ್ಟಗಿದೆಯೇನಮ್ಮಾ? ನಮ್ಮ ಮಾನ ನಾವೇ ಹರಾಜಿಗೆ ಇಡೋದಾ? ಎದುರು ಕಂಪನಿಯವರು ಅದನ್ನೇ ಹಿಡ್ಕೊಂಡು ಊರೆಲ್ಲಾ ತಿರುಗ್ತಾರೆ. ಕಂಪ್ಯೂಟರಿಗೆ ಕನ್ನ ಹಾಕೋ ಕಳ್ಳರೂ ಓದ್ತಾರೆ."

ಕಳ್ಳರ ಮಾತು ಅವಳಿಗೂ ಸರಿ ಕಂಡಿತು. "ಕಳ್ಳರು ಒಳಗೆ ನುಗ್ಗೋ ಅಂಥದ್ದು ಸರಿಯಾಗೋ ತನಕ ಬೇಡ ಸಾರ್. ಉಳಿದಿದ್ದು ಹೇಳೋಣ. ವರದಿ ನಂಬ್ಕೊಂಡು ಮಾತ್ರೆ ಬರೀತಾರೆ. ಆ ಡಾಕ್ಟರು ನೋಡ್ದೇ ಇದ್ದಿದ್ರೆ?"

ಯಜಮಾನರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. "ಮೂರು ತಿಂಗಳು ನೋಡೋಣ" ಎಂದರು.

ಇನ್ನೂ ಸರಿಯಾಗದೆ ಉಳಿದಿದ್ದ ಇಪ್ಪತ್ತಾರು ತಪ್ಪುಗಳ ಪಟ್ಟಿ ಹೋಯಿತು. ಇಬ್ಬರು ಗಿರಾಕಿಗಳು ಬಿಟ್ಟೇಹೋದರು. ಎದುರು ಕಂಪನಿಯವರು ಅದನ್ನು ನಿಜಕ್ಕೂ ಊರೆಲ್ಲ ತೋರಿಸಿಕೊಂಡು ಬಂದರು. ಫೋನಕ್ಕನಿಗೆ ವಾರಗಟ್ಟಲೆ ಅನ್ನ ಸೇರಲಿಲ್ಲ. ಎರಡನೇ ತಿಂಗಳಿಗೆ ಫೋನುಗಳು ಅರ್ಧಕ್ಕಿಳಿದವು. ಬಂದವುಗಳ ಧಾಟಿಯೂ ಬೇರೆ: "ಅಕ್ಕಾ, ಪಟ್ಟಿಯಲ್ಲಿ ಇಲ್ಲದ್ದೊಂದು ಹಿಡಿದಿದೀನಿ, ಬರ್ಕೊಳ್ಳಿ!" ನಾಳೆ ನಾಡಿದ್ದು ಎಂದು ತಳ್ಳುತ್ತಿದ್ದ ಪ್ರೋಗ್ರಾಮ್ ಬರೆಯುವವರು, ಪಟ್ಟಿ ಎಲ್ಲರ ಕೈಗೆ ಸಿಕ್ಕಿದ ಮೇಲೆ ನಾಚಿಕೆಗಾದರೂ ಕೂತು ತಪ್ಪು ಸರಿಮಾಡತೊಡಗಿದರು.

ಮೂರನೇ ತಿಂಗಳು ದೊಡ್ಡ ಆಸ್ಪತ್ರೆಯೊಂದರ ಹಿರಿಯ ಡಾಕ್ಟರಮ್ಮ ತಾವೇ ಬಂದರು. "ಎದುರಿನವರ ಸಾಫ್ಟ್‌ವೇರಲ್ಲಿ ಒಂದು ತಪ್ಪೂ ಇಲ್ವಂತೆ. ಕೇಳಿ ಭಯ ಆಯ್ತು, ಇಲ್ಲಿಗೆ ಬಂದೆ" ಎಂದರು. ಯಜಮಾನರು ಬಿದ್ದು ಬಿದ್ದು ನಕ್ಕರು.

ಪಟ್ಟಿ ಈಗ ತಿಂಗಳು ತಿಂಗಳು ಹೋಗುತ್ತದೆ. ಅದು ತಮ್ಮದೇ ಯೋಚನೆ ಎಂದು ಯಜಮಾನರು ಬಂದವರಿಗೆಲ್ಲ ಹೇಳುತ್ತಾರೆ. ಹೇಳಿಕೊಳ್ಳಲಿ ಬಿಡಿ ಎನ್ನುತ್ತಾಳೆ ಫೋನಕ್ಕ. ಫೋನು ಕಮ್ಮಿಯಾಗಿ, ಮಧ್ಯಾಹ್ನ ಅವಳನ್ನು ಯಾರೂ ಅವಸರ ಮಾಡುವುದಿಲ್ಲ. ಡಬ್ಬಿ ಬಿಚ್ಚಿ ನಿಧಾನವಾಗಿ ಉಂಡು, ಕಿಟಕಿಯ ಹತ್ತಿರ ಐದು ನಿಮಿಷ ನಿಲ್ಲುತ್ತಾಳೆ.